ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಅದನ್ನು ನುಂಗುತ್ತಿಲ್ಲ
(ಕುಟುಂಬ ಸಂಗಮದಲ್ಲಿ ನೀಡಿದ ಭಾಷಣದ ಸಂಗ್ರಹ)



ಕ್ರಿ.ಶ. 964ರ ಸುಮಾರಿಗೆ ಪರ್ಷಿಯಾದ ಖಗೋಳಜ್ಞ ಅಬ್ದುರ್ರಹ್ಮಾನ್ ಅಸ್ಸೂಫಿಯವರು ಸ್ಥಿರ ನಕ್ಷತ್ರಗಳ ಬಗ್ಗೆ ಒಂದು ಗ್ರಂಥ ಬರೆದರು. ಆಂಡ್ರೋಮಿಡಾ ನಕ್ಷತ್ರಪುಂಜದಲ್ಲಿ ಪುಟ್ಟ ಮೋಡದಂಥದ್ದೊಂದು ಇದೆ ಎಂದು ಅದರಲ್ಲಿ ಗುರುತಿಸಿದರು. ದೂರದರ್ಶಕ ಬರಲು ಇನ್ನೂ ಆರು ಶತಮಾನ ಬಾಕಿಯಿತ್ತು. ಬರಿಗಣ್ಣಿಗೆ ಕಂಡದ್ದನ್ನು ಕಂಡಷ್ಟೇ ದಾಖಲಿಸಿದರು. ಆ ಮೋಡ 25 ಲಕ್ಷ ಜ್ಯೋತಿರ್ವರ್ಷ ದೂರದ ಇಡೀ ಒಂದು ಗ್ಯಾಲಕ್ಸಿ ಎಂದು ಇಂದು ತಿಳಿದಿದೆ. ಅದರ ನಡುವೆ 10 ಕೋಟಿಗೂ ಹೆಚ್ಚು ಸೂರ್ಯರಷ್ಟು ದ್ರವ್ಯವಿರುವ ಕಪ್ಪುಕುಳಿ ಇದೆ.

ಕಪ್ಪುಕುಳಿ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಮೊಬೈಲಿನಲ್ಲಿ ಬರುವ ವೀಡಿಯೊಗಳು. ಅದು ಎಲ್ಲವನ್ನೂ ನುಂಗುತ್ತದೆ, ಒಂದು ದಿನ ನಮ್ಮನ್ನೂ ನುಂಗುತ್ತದೆ ಎಂದು ಹೆದರಿಸುತ್ತವೆ. ಮಕ್ಕಳೇ, ಹಾಗೇನಿಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯದ ಕಪ್ಪುಕುಳಿ ಇಟ್ಟರೆ ಭೂಮಿ ಕತ್ತಲಾಗಿ ತಣ್ಣಗಾದೀತು, ಆದರೆ ಈಗಿನ ದಾರಿಯಲ್ಲೇ ಸುತ್ತುತ್ತಿರುತ್ತದೆ. ನಮ್ಮ ಆಕಾಶಗಂಗೆಯ ನಡುವಿನ ಕಪ್ಪುಕುಳಿಯಲ್ಲಿ ಸುಮಾರು 43 ಲಕ್ಷ ಸೂರ್ಯರಷ್ಟು ದ್ರವ್ಯವಿದೆ. ಆದರೂ ಅದು ಬುಧಗ್ರಹದ ಕಕ್ಷೆಯೊಳಗೆ ಹಿಡಿಯುವಷ್ಟು ಚಿಕ್ಕದು; ಆಕಾಶಗಂಗೆಯ ಅಗಲವೋ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಈ ಕಪ್ಪುಕುಳಿಯನ್ನು 16 ವರ್ಷಕ್ಕೊಮ್ಮೆ ಸುತ್ತುವ ನಕ್ಷತ್ರವೊಂದನ್ನು ದಶಕಗಳ ಕಾಲ ಬಿಡದೆ ಗಮನಿಸಿದ ತಂಡಗಳ ನಾಯಕರಾದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹೆಣ್ಣುಮಕ್ಕಳು ಇಲ್ಲಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ: ಭೌತಶಾಸ್ತ್ರದ ನೊಬೆಲ್ ಪಡೆದ ನಾಲ್ಕನೇ ಮಹಿಳೆ ಗೆಜ್.

ಇನ್ನು ಅಚ್ಚರಿಯ ವಿಷಯಕ್ಕೆ ಬರೋಣ. 2000ನೇ ಇಸವಿಯಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಪ್ರಕಟಿಸಿದವು. ಗ್ಯಾಲಕ್ಸಿಯ ಉಬ್ಬಿದ ನಡುಭಾಗದ ನಕ್ಷತ್ರಗಳು ಎಷ್ಟು ವೇಗವಾಗಿ ಓಡಾಡುತ್ತವೋ, ಅದರ ಕಪ್ಪುಕುಳಿಯೂ ಅಷ್ಟು ಭಾರವಾಗಿರುತ್ತದೆ. ಆ ನಕ್ಷತ್ರಗಳಲ್ಲಿ ಬಹುಪಾಲು ಕಪ್ಪುಕುಳಿಯ ಸೆಳೆತ ಗಣನೆಗೆ ಬಾರದಷ್ಟು ದೂರದಲ್ಲಿವೆ. ಉಬ್ಬಿನ ದ್ರವ್ಯದಲ್ಲಿ ಕಪ್ಪುಕುಳಿಯ ಪಾಲು ಸಾವಿರಕ್ಕೆ ಕೆಲವೇ ಭಾಗ. ಹಾಗಿದ್ದೂ ಎರಡರ ಲೆಕ್ಕ ತಾಳೆಯಾಗುತ್ತದೆ ಎಂದರೆ, ಒಂದರ ಬೆಳವಣಿಗೆಗೂ ಇನ್ನೊಂದರದಕ್ಕೂ ಏನೋ ನಂಟಿದೆ. ಇನ್ನೊಂದು ಸುಳಿವೂ ಇದೆ. ಸುಮಾರು 1000 ಕೋಟಿ ವರ್ಷಗಳ ಹಿಂದೆ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ತುತ್ತತುದಿಯಲ್ಲಿತ್ತು. ಕಪ್ಪುಕುಳಿಗಳು ಅತಿ ಹೆಚ್ಚು ತಿಂದದ್ದೂ ಸರಿಸುಮಾರು ಆಗಲೇ. ನಂತರ ಎರಡೂ ಜೊತೆಯಾಗಿ ಇಳಿದವು.

ಈ ನಂಟಿನ ಒಂದು ತುದಿ ಸುಲಭ. ಎರಡಕ್ಕೂ ಬೇಕಾದದ್ದು ಒಂದೇ ಅನಿಲ. ಗ್ಯಾಲಕ್ಸಿಗೆ ಹೊಸ ಅನಿಲ ಬಂದಾಗ ನಕ್ಷತ್ರಗಳೂ ಹುಟ್ಟುತ್ತವೆ, ಸ್ವಲ್ಪ ಪಾಲು ನಡುವಿಗೂ ಜಾರುತ್ತದೆ. ಮತ್ತೊಂದು ತುದಿಯೇ ಸ್ವಾರಸ್ಯ. ಕಪ್ಪುಕುಳಿಗೆ ಬೀಳುವ ಅನಿಲ ಅದರ ಸುತ್ತ ಸುಳಿಯುತ್ತಾ ಕಾಯುತ್ತದೆ. ಬೀಳುವ ದ್ರವ್ಯದ ಸುಮಾರು ಹತ್ತರಲ್ಲೊಂದು ಪಾಲು ಶಕ್ತಿಯಾಗಿ ಹೊರಬರಬಹುದು. ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಹೀಗೆ ಹೊರಬರುವುದು ನೂರಕ್ಕೆ ಒಂದು ಪಾಲೂ ಅಲ್ಲ. ಆ ಶಕ್ತಿ ಸುತ್ತಲಿನ ಅನಿಲವನ್ನು ಬಿಸಿ ಮಾಡುತ್ತದೆ, ಹೊರಕ್ಕೆ ತಳ್ಳುತ್ತದೆ. ಆವಿ ತಣಿದರೆ ತಾನೇ ಮಳೆ? ಹಾಗೆಯೇ ಅನಿಲ ತಣಿಯದೆ ನಕ್ಷತ್ರವಾಗದು. ಹೀಗೆ ತಿನ್ನುತ್ತಾ ತಿನ್ನುತ್ತಾ ಕಪ್ಪುಕುಳಿ ತನ್ನ ಊಟವನ್ನೂ ಗ್ಯಾಲಕ್ಸಿಯ ಬೆಳವಣಿಗೆಯನ್ನೂ ತಾನೇ ತಡೆಯುತ್ತದೆ. ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದ ಪರ್ಸಿಯಸ್ ಸಮೂಹದಲ್ಲಿ ಇದರ ಗುರುತು ಕಣ್ಣಿಗೆ ಕಾಣುವಂತಿದೆ. ನಡುವಿನ ಕಪ್ಪುಕುಳಿ ಊದಿದ ದೊಡ್ಡ ಗುಳ್ಳೆಗಳನ್ನೂ ಅನಿಲದಲ್ಲಿ ಹರಡುವ ಅಲೆಗಳನ್ನೂ ಚಂದ್ರಾ ಎಕ್ಸ್-ರೇ ದೂರದರ್ಶಕ ಚಿತ್ರಿಸಿದೆ. ಅಲೆಗಳ ಸುದ್ದಿ ಹೊರಬಿದ್ದದ್ದು 2003ರಲ್ಲಿ.

ಇಂಥದ್ದನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರು ಆಯತ್‌ನ ಸಂಖ್ಯೆ ಹಾಕಿ 'ಇದು ಕುರ್‌ಆನಿನಲ್ಲಿ ಮೊದಲೇ ಇದೆ' ಎಂದು ಸಂದೇಶ ಹಂಚುತ್ತಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ವಿಜ್ಞಾನಿಗಳ ಲೆಕ್ಕ ನಾಳೆ ಬದಲಾದರೆ ನೀವು ಆಯತ್‌ಗೆ ಬೇರೆ ಅರ್ಥ ಹುಡುಕುತ್ತೀರಾ? ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಈ ಪ್ರಶ್ನೆ ಕೇಳಿದಾಗ ಉತ್ತರಿಸಬೇಕಾದವರು ನಾವು. ಅಸ್ಸೂಫಿಯವರ ರೀತಿಯೇ ನನಗೆ ಮೇಲೆನಿಸುತ್ತದೆ.

ಲೆಕ್ಕ ಬದಲಾಗುವುದಕ್ಕೆ ಉದಾಹರಣೆ ಎದುರಿಗೇ ಇದೆ. ಕಪ್ಪುಕುಳಿ ಮತ್ತು ಗ್ಯಾಲಕ್ಸಿ ಮೊದಲಿನಿಂದಲೂ ಹೆಜ್ಜೆಗೆ ಹೆಜ್ಜೆ ಸೇರಿಸಿ ಬೆಳೆದವು ಎಂದು ಅನೇಕರು ಭಾವಿಸಿದ್ದರು. 2023ರಲ್ಲಿ ವೆಬ್ ಮತ್ತು ಚಂದ್ರಾ ದೂರದರ್ಶಕಗಳು ಸೇರಿ, ಮಹಾಸ್ಫೋಟದ ಬರೇ 47 ಕೋಟಿ ವರ್ಷಗಳ ನಂತರದ ಗ್ಯಾಲಕ್ಸಿಯೊಂದರಲ್ಲಿ ಕಪ್ಪುಕುಳಿಯನ್ನು ಪತ್ತೆಹಚ್ಚಿದವು. ಅಂದಾಜಿನ ಪ್ರಕಾರ ಅದರ ದ್ರವ್ಯ ಆ ಗ್ಯಾಲಕ್ಸಿಯ ಎಲ್ಲ ನಕ್ಷತ್ರಗಳ ದ್ರವ್ಯಕ್ಕೆ ಹೆಚ್ಚುಕಡಿಮೆ ಸಮ! ಅಂದರೆ ಅಲ್ಲಿ ಕಪ್ಪುಕುಳಿ ಬಹಳ ಮುಂದೆ ಓಡಿಬಿಟ್ಟಿದೆ. ದೊಡ್ಡ ಅನಿಲ ಮೋಡಗಳು ನೇರವಾಗಿ ಕುಸಿದು ಇಂಥ ಭಾರಿ ಕಪ್ಪುಕುಳಿಗಳಿಗೆ ಬೀಜವಾಗಿರಬಹುದು ಎಂದು ಕೊಯಮತ್ತೂರಿನಲ್ಲಿ ಹುಟ್ಟಿ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಪ್ರಿಯಂವದಾ ನಟರಾಜನ್ ಮತ್ತು ಸಂಗಡಿಗರು ವರ್ಷಗಳ ಹಿಂದೆಯೇ ಹೇಳಿದ್ದರು. ಸತ್ತ ನಕ್ಷತ್ರಗಳಿಂದಾದ ಚಿಕ್ಕ ಬೀಜಗಳೇ ವಿಪರೀತ ವೇಗದಲ್ಲಿ ಬೆಳೆದಿರಬಹುದು ಎನ್ನುವವರೂ ಇದ್ದಾರೆ. ವಾದ ನಡೆದಿದೆ, ವೆಬ್ ಇನ್ನಷ್ಟು ಗ್ಯಾಲಕ್ಸಿಗಳನ್ನು ಅಳೆಯುತ್ತಿದೆ.