ಹೊದಿಕೆಯ ಬಲ ಹಾಸಿನಲ್ಲಿ



ಕನ್ನಡದ ಮೇಷ್ಟರಿಗೆ ಹಲ್ಲಿನ ವಿಚಾರವೇಕೆ ಎಂದು ತಾವು ನಗಬಹುದು. ಇಂದಿನ ಮಾತು ಆ ನಗೆಯನ್ನು ಕುರಿತದ್ದೇ. ಅಂದಗೆಟ್ಟ ಮುಂದಿನ ಹಲ್ಲಿಗೆ ವೈದ್ಯರು ವೆನಿಯರ್ ಎಂಬ ಪಿಂಗಾಣಿಯ ಹೊದಿಕೆಯನ್ನು ಅಂಟಿಸುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ. ಕೈಯಲ್ಲಿದ್ದಾಗ ಹಪ್ಪಳದಂತೆ ಮುರಿಯಬಲ್ಲ ಅದು ಹಲ್ಲಿಗಂಟಿದ ಮೇಲೆ ವರ್ಷಗಟ್ಟಲೆ ಬಾಳುತ್ತದೆ. ಈ ಬಲ ಬಂದುದೆಲ್ಲಿಂದ?

ಹಾಸಿನಿಂದ, ಎಂದರೆ ಹಲ್ಲಿನಿಂದ. 1930ರ ದಶಕದಲ್ಲಿ ಹಾಲಿವುಡ್ಡಿನ ನಟರಿಗೆ ಚಾರ್ಲ್ಸ್ ಪಿಂಕಸ್ ಕೂರಿಸುತ್ತಿದ್ದ ಹೊದಿಕೆಗಳು ಚಿತ್ರೀಕರಣದ ಹೊತ್ತಿಗಷ್ಟೇ ನಿಲ್ಲುವಂಥವು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಆಮ್ಲದಿಂದ ಎನಾಮಲನ್ನು ಒರಟುಗೊಳಿಸಿ ರಾಳವನ್ನು ಹಿಡಿಸುವ ಬಗೆಯನ್ನು ತೋರಿದರು. 1980ರ ದಶಕದಲ್ಲಿ ಪಿಂಗಾಣಿಗೂ ಅಂಥದೇ ಸಂಸ್ಕಾರ ದೊರೆಯಿತು.

ಆದುದರಿಂದ ಹಲ್ಲನ್ನು ಹೆರೆಯುವ ಬಗೆಯೇ ನಿರ್ಣಾಯಕ. ಸುಮಾರು ಅರ್ಧ ಮಿಲಿಮೀಟರು ಹೆರೆದು ಎನಾಮಲಿನಲ್ಲೇ ನಿಂತರೆ ಹಿಡಿತ ಭದ್ರ. ಅದರಡಿಯ ಡೆಂಟೀನಿಗೆ ಇಳಿದರೆ, ಅದು ಮೆದುವಾದುದರಿಂದ, ಆಸರೆ ಸಡಿಲ. ಪಿಂಗಾಣಿ ಒತ್ತಡವನ್ನು ತಾಳೀತು, ಸೆಳೆತವನ್ನು ತಾಳದು. ಚೂಪು ಮೂಲೆಯಿದ್ದಲ್ಲಿ ಬಿರುಕು ಹುಟ್ಟುತ್ತದೆ. ಅದಕ್ಕೇ ಮೂಲೆಗಳನ್ನು ದುಂಡಗಾಗಿಸುವುದು. ಕಚ್ಚುವ ಅಂಚನ್ನು ತಗ್ಗಿಸಬೇಕಾದಲ್ಲಿ ಸಮತಟ್ಟಾದ ಕೂಡಿಕೆಯನ್ನು ಅನೇಕ ವೈದ್ಯರು ಮೆಚ್ಚುತ್ತಾರೆ. ಹೊದಿಕೆಯನ್ನು ಹಿಂಬದಿಗೆ ತೆಳ್ಳಗೆ ಎಳೆದರೆ ಆ ಅಂಚು ಮುರಿಯುವ ಭಯ.

ಮುರಿದ ಎಲುಬು ಕೂಡುತ್ತದೆ. ಹೆರೆದ ಎನಾಮಲ್ ಮತ್ತೆ ಬೆಳೆಯದು. ಬರಿಯ ಅಲಂಕಾರಕ್ಕಾಗಿ ಗಟ್ಟಿ ಹಲ್ಲನ್ನು ಒಪ್ಪಿಸಹೊರಟ ತರುಣರು ‘ಎಷ್ಟು ಬೆಳ್ಳಗಾದೀತು?’ ಎನ್ನುವ ಮೊದಲು ‘ಎಷ್ಟು ಹೆರೆಯುವಿರಿ?’ ಎಂದು ಕೇಳಲಿ.