ಹುಲ್ಲು ಹೊಡೆಯುವ ಯಂತ್ರ ಸ್ಟಾರ್ಟ್ ಆಗದಿದ್ದರೆ
(ರೈತರ ಸಭೆಯಲ್ಲಿ ಮಾಡಿದ ಭಾಷಣ)

ಮಳೆ ಹಿಂದೆಗೆದಿದೆ. ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲುದ್ದ ನಿಂತಿದೆ. ಕೊಯ್ಲಿಗೆ ಮುಂಚೆ ಸವರಬೇಕೆಂದು ಕೊಟ್ಟಿಗೆಯಿಂದ ಯಂತ್ರವನ್ನು ಹೊರತೆಗೆದರೆ, ಎಷ್ಟು ಹಗ್ಗ ಎಳೆದರೂ ಅದು ಉಸಿರೆತ್ತುವುದಿಲ್ಲ.

ಕಳೆದ ವರ್ಷ ಇಂಥ ದಿನವೇ ನಾನೊಂದು ತೋಟಕ್ಕೆ ಹೋಗಿದ್ದೆ. "ಇವನೇ ಕೆಡಿಸಿದ್ದು, ಇವತ್ತಿನ ಕೂಲಿ ಇಲ್ಲ" ಎಂದು ಯಜಮಾನರು ಆಳಿನ ಮೇಲೆ ರೇಗುತ್ತಿದ್ದರು. ಆತ ತಲೆ ತಗ್ಗಿಸಿ ನಿಂತಿದ್ದ. ಟ್ಯಾಂಕಿನ ಮುಚ್ಚಳ ತೆರೆದೆ. ಮಳೆಗಾಲಕ್ಕೆ ಮೊದಲು ತುಂಬಿಸಿದ್ದ ಪೆಟ್ರೋಲು ಹುಳಿನಾತ ಹೊಡೆಯುತ್ತಿತ್ತು. ಅದನ್ನು ಚೆಲ್ಲಿ, ಹೊಸದನ್ನು ಹಾಕಿ, ರಬ್ಬರ್ ಗುಂಡಿಯನ್ನು ಏಳೆಂಟು ಸಲ ಒತ್ತಿ ಎಳೆದೆವು. ನಾಲ್ಕನೆಯ ಎಳೆತಕ್ಕೆ ಯಂತ್ರ ಹೊರಟಿತು. ಯಜಮಾನರು ಸಂಜೆ ಪೂರ್ತಿ ಕೂಲಿ ಕೊಟ್ಟರು.

ಒಲೆ ಉರಿಯಲು ಸೌದೆ, ಗಾಳಿ, ಬೆಂಕಿ ಮೂರೂ ಬೇಕಷ್ಟೆ. ಯಂತ್ರಕ್ಕೂ ಮೂರೇ ಬೇಕು: ಪೆಟ್ರೋಲು, ಗಾಳಿ, ಕಿಡಿ. ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಎರಡು ಎಚ್ಚರಿಕೆಗಳು. ಬೀಡಿ ಆರಿಸಿರಿ. ಪ್ಲಗ್ಗಿನ ಟೋಪಿ ಕಳಚದೆ ಅಲಗನ್ನು ಮುಟ್ಟಬೇಡಿ.

ಮೊದಲನೆಯದಾಗಿ, ಸ್ವಿಚ್ಚು ಹಾಕಿದೆಯೇ ನೋಡಿ. ನಗಬೇಡಿ, ಕೃಷಿ ಡಿಪ್ಲೊಮಾ ಓದಿದ ನಾನೇ ಸ್ವಿಚ್ಚು ಹಾಕದೆ ಅರ್ಧ ಗಂಟೆ ಹಗ್ಗ ಎಳೆದವನು.

ಎರಡನೆಯದು ಪೆಟ್ರೋಲು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಆದುದರಿಂದ ತಿಂಗಳಿಗಿಂತ ಹಳೆಯದಾದರೆ ಬದಲಾಯಿಸುವುದು ಲೇಸು. ಟೂ ಸ್ಟ್ರೋಕ್ ಯಂತ್ರಕ್ಕೆ ಆಯಿಲ್ ಬೆರೆಸದ ಪೆಟ್ರೋಲು ಹಾಕಲೇಬಾರದು. ಲೀಟರಿಗೆ 20 ಮಿಲಿಲೀಟರ್ ಬೇಡುವ ಯಂತ್ರವುಂಟು, 40 ಬೇಡುವುದೂ ಉಂಟು. ಜೊತೆಗೆ ಬಂದ ಪುಸ್ತಕದಲ್ಲಿರುವ ಅಳತೆಯೇ ಸರಿ.

ಮೂರನೆಯದು ಚೋಕು. ಯಂತ್ರ ತಣ್ಣಗಿದ್ದರೆ ಚೋಕು ಮುಚ್ಚಿ ಎಳೆಯಿರಿ. ಒಮ್ಮೆ ಗುರ್ ಎಂದು ನಿಂತ ಕೂಡಲೆ ತೆರೆದು ಎಳೆಯಿರಿ. ಮುಚ್ಚಿಯೇ ಎಳೆಯುತ್ತಿದ್ದರೆ ಒಳಗೆ ಪೆಟ್ರೋಲು ತುಂಬಿ ಪ್ಲಗ್ಗು ನೆನೆಯುತ್ತದೆ. ಹಾಗಾದರೆ ಸ್ವಿಚ್ಚು ಆರಿಸಿ, ಪ್ಲಗ್ಗು ಬಿಚ್ಚಿ ಒರೆಸಿ, ಹಗ್ಗವನ್ನು ನಾಲ್ಕಾರು ಸಲ ಎಳೆದು, ಸ್ವಲ್ಪ ಹೊತ್ತು ಆರಲು ಬಿಟ್ಟು ಮತ್ತೆ ಹಾಕಿರಿ.

ನಾಲ್ಕನೆಯದು ಪ್ಲಗ್ಗು. ತುದಿ ಮಸಿ ಹಿಡಿದಿದ್ದರೆ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿರಿ. ಬಹುಪಾಲು ಯಂತ್ರಗಳಿಗೆ ತುದಿಯ ಸಂದು 0.6ರಿಂದ 0.7 ಮಿಲಿಮೀಟರ್ ಇರಬೇಕು. ಮನೆಯಲ್ಲೊಂದು ಹೊಸ ಪ್ಲಗ್ಗು ಇದ್ದರೆ ಹಾಕಿ ನೋಡಬಹುದು. ಹಳೆಯದು ಕೆಟ್ಟಿದೆಯೋ ಇಲ್ಲವೋ ಆಗಲೇ ತಿಳಿಯುತ್ತದೆ.

ಐದನೆಯದು ಗಾಳಿಯ ಜಾಲರಿ, ಅಂದರೆ ಏರ್ ಫಿಲ್ಟರು. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ಹಿಂಡಿ, ಪೂರ್ತಿ ಒಣಗಿಸಿ ಹಾಕಿರಿ. ಕಾಗದದ್ದಾದರೆ ಮೆಲ್ಲಗೆ ತಟ್ಟಿ ದೂಳು ಉದುರಿಸಿದರೆ ಸಾಕು.

ಇಷ್ಟಾದರೂ ಹೊರಡದಿದ್ದರೆ ಮೆಕ್ಯಾನಿಕ್ಕರ ಬಳಿ ಒಯ್ಯಿರಿ. ಏನೇನು ನೋಡಿದಿರೆಂದು ಹೇಳಿರಿ. ಅವರ ಹೊತ್ತೂ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಕೆಲಸದ ಕಾಲ ಮುಗಿದ ಮೇಲೆ ಟ್ಯಾಂಕನ್ನು ಬರಿದು ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ಓಡಿಸಿ, ಒರೆಸಿ, ತೇವವಿಲ್ಲದ ಕಡೆ ಇಡಿರಿ. ಹತ್ತು ನಿಮಿಷದ ಈ ಕೆಲಸ ಮುಂದಿನ ವರ್ಷ ಒಂದು ದಿನವನ್ನು ಉಳಿಸುತ್ತದೆ; ತಪ್ಪಿಲ್ಲದ ಆಳಿನ ಕೂಲಿಯನ್ನೂ ಉಳಿಸುತ್ತದೆ.