ಸಬ್ರ್ ಮತ್ತು ಮಜಬೂರಿ: ಸ್ಫೋಟದ ಮರುದಿನದ ಮುಂಬೈ ಹಾಗೂ ಹಿಂದಿ ಸಿನಿಮಾ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಶಿಕ್ಷಣದ ವೇದಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಅದಕ್ಕೆ ಕಾರಣ ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗ. ಟಿ.ವಿ.ಯಲ್ಲಿ ‘ಎ ವೆಡ್ನೆಸ್‌ಡೇ’ ಚಿತ್ರ ನೋಡಿ ಬಂದಿದ್ದ. ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ನಿಂತು, “ಸರ್, ಆ ಅಂಕಲ್ ಮಾಡಿದ್ದು ಸರಿ ಅಲ್ವಾ? ಕೋರ್ಟಿಗೆ ಬಿಟ್ಟಿದ್ರೆ ಹತ್ತಿಪ್ಪತ್ತು ವರ್ಷ ಎಳೀತಿದ್ರು” ಎಂದು ಕೇಳಿದ. ನನಗೆ ಆ ಕ್ಷಣಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. “ನಾಳೆ ಹೇಳ್ತೀನಿ” ಎಂದು ಕಳಿಸಿದೆ. ಈ ದಿನದ ಭಾಷಣ ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಮೊದಲು ಮುಂಬೈ ನಗರದ ಮೂರು ದಿನಗಳನ್ನು ನೆನಪಿಸಿಕೊಳ್ಳೋಣ.

ಮೊದಲನೆಯದು 1993ರ ಮಾರ್ಚ್ 12. ರಂಜಾನ್ ತಿಂಗಳ ಒಂದು ಶುಕ್ರವಾರ. ಷೇರು ವಿನಿಮಯ ಕೇಂದ್ರ, ಏರ್ ಇಂಡಿಯಾ ಕಟ್ಟಡ, ಝವೇರಿ ಬಜಾರ್, ದಾದರಿನ ಪ್ಲಾಜಾ ಚಿತ್ರಮಂದಿರ ಹೀಗೆ ಒಂದರ ಹಿಂದೆ ಒಂದು ಬಾಂಬು ಸಿಡಿದು 257 ಜನ ಸತ್ತರು. ಅದಕ್ಕೆ ಮುಂಚಿನ ಎರಡು ತಿಂಗಳು, 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ, ಅದೇ ನಗರದ ಗಲಭೆಗಳಲ್ಲಿ ಶ್ರೀಕೃಷ್ಣ ಆಯೋಗದ ಲೆಕ್ಕದಂತೆ 900 ಜನ ಸತ್ತಿದ್ದರು. ಎರಡನ್ನೂ ಒಟ್ಟಿಗೆ ನೆನೆಯದೆ ಆ ವರ್ಷ ಅರ್ಥವಾಗುವುದಿಲ್ಲ. ಆದರೆ ಒಂದು ಅನ್ಯಾಯ ಇನ್ನೊಂದಕ್ಕೆ ಸಮರ್ಥನೆಯಾಗುವುದಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಎರಡನೆಯದು 2006ರ ಜುಲೈ 11. ಸಂಜೆ ಜನ ಕಚೇರಿ ಬಿಟ್ಟು ಮನೆಗೆ ಹೊರಟ ಹೊತ್ತು. ಪಶ್ಚಿಮ ರೈಲ್ವೆಯ ಏಳು ಲೋಕಲ್ ರೈಲುಗಳಲ್ಲಿ ಸುಮಾರು ಹನ್ನೊಂದು ನಿಮಿಷಗಳ ಒಳಗೆ ಸ್ಫೋಟಗಳಾದವು. 180ಕ್ಕೂ ಹೆಚ್ಚು ಜನ ತೀರಿಕೊಂಡರು, 800ಕ್ಕೂ ಹೆಚ್ಚು ಜನ ಗಾಯಗೊಂಡರು.

ಮೂರನೆಯದು 2008ರ ನವೆಂಬರ್ 26. ಸಮುದ್ರದ ದಾರಿಯಿಂದ ಬಂದ ಹತ್ತು ಮಂದಿ ಬಂದೂಕುಧಾರಿಗಳು ಸಿ.ಎಸ್.ಟಿ. ರೈಲು ನಿಲ್ದಾಣ, ತಾಜ್ ಹೋಟೆಲು, ಒಬೆರಾಯ್, ನಾರಿಮನ್ ಹೌಸ್ ಮುಂತಾದ ಕಡೆ 166 ಜನರನ್ನು ಕೊಂದರು. ತಾಜ್‌ನಲ್ಲಿ ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ನಮ್ಮ ಬೆಂಗಳೂರಿನಲ್ಲಿ ಓದಿ ಬೆಳೆದವರು.

ಪ್ರತಿ ಸಲವೂ ಮರುದಿನ ಪತ್ರಿಕೆ ಮತ್ತು ಟಿ.ವಿ.ಗಳಲ್ಲಿ ಒಂದೇ ಮಾತು: ‘ಮುಂಬೈ ಸ್ಪಿರಿಟ್’. ನಗರ ಎದ್ದು ನಿಂತಿತು, ರೈಲುಗಳು ಓಡಿದವು. 2006ರಲ್ಲಿ ಮರುದಿನ ಷೇರು ಸೂಚ್ಯಂಕ ಏರಿತು ಎಂಬುದೂ ಹೆಮ್ಮೆಯ ಸುದ್ದಿಯಾಯಿತು.

ಉರ್ದು ಕಲಿಸುವವನಾದ್ದರಿಂದ ನನಗೆ ಇಲ್ಲಿ ಎರಡು ಪದಗಳು ನೆನಪಾಗುತ್ತವೆ. ಒಂದು ‘ಸಬ್ರ್’, ಇನ್ನೊಂದು ‘ಮಜಬೂರಿ’. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಎರಡರಲ್ಲೂ ಮನುಷ್ಯ ಕೂಗಾಡುವುದಿಲ್ಲ, ತನ್ನ ಕೆಲಸಕ್ಕೆ ಹೋಗುತ್ತಾನೆ. ಆದರೆ ಸಬ್ರ್ ಎಂದರೆ ಬೇರೆ ದಾರಿಯನ್ನೂ ಹಿಡಿಯಬಹುದಾಗಿದ್ದವನು ತಿಳಿದು ತಾಳಿಕೊಳ್ಳುವುದು. ಮಜಬೂರಿ ಎಂದರೆ ಬೇರೆ ದಾರಿಯೇ ಇಲ್ಲದಿರುವುದು. ದಿನಗೂಲಿಯವನು, ಅಂಗಡಿಯ ಸಹಾಯಕ, ಮನೆಗೆಲಸದ ಹೆಣ್ಣುಮಗಳು ಜುಲೈ 12ರ ಬೆಳಗ್ಗೆ ರೈಲು ಹತ್ತಿದ್ದು ಹೊಟ್ಟೆ ಕೇಳುವುದಿಲ್ಲ ಎಂಬ ಕಾರಣಕ್ಕೆ. ಅವರ ಮಜಬೂರಿಯನ್ನು ನಾವು ಸಬ್ರ್ ಎಂದು ಹೊಗಳಿಬಿಟ್ಟರೆ, ಆ ರೈಲಿನ ಸುರಕ್ಷತೆಗೆ ಹೊಣೆಯಾದವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. 2006ರಲ್ಲಿ ಗಾಯಗೊಂಡ ಒಬ್ಬ ಯುವಕ ಪ್ರಜ್ಞೆ ಕಳೆದುಕೊಂಡು ಆಸ್ಪತ್ರೆಯಲ್ಲೇ ಇದ್ದು 2015ರ ಜುಲೈನಲ್ಲಿ ತೀರಿಕೊಂಡ. ನಗರ ಮರುದಿನ ಎದ್ದಿರಬಹುದು. ಆ ಮನೆಗೆ ಮಾತ್ರ ಒಂಬತ್ತು ವರ್ಷ ಬೆಳಗಾಗಲಿಲ್ಲ.

ಈಗ ಸಿನಿಮಾಕ್ಕೆ ಬರೋಣ. ಹಿಂದಿ ಚಿತ್ರರಂಗ ಇರುವುದೇ ಆ ನಗರದಲ್ಲಿ. ಅವರಿಗೂ ಅದು ತಮ್ಮದೇ ಮನೆಯ ನೋವು. ಆದರೆ ನೋವನ್ನು ಕಾಣುವುದು ಬೇರೆ, ನೋವನ್ನು ಮಾರುವುದು ಬೇರೆ. 2008ರ ದಾಳಿ ಮುಗಿದ ಕೂಡಲೇ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ತಾಜ್ ಹೋಟೆಲಿನ ಅವಶೇಷ ನೋಡಲು ಹೋದಾಗ ಅವರ ಜೊತೆಯಲ್ಲಿ ನಟನಾಗಿದ್ದ ಮಗ ರಿತೇಶ್ ಮತ್ತು ನಿರ್ದೇಶಕ ರಾಮ್ ಗೋಪಾಲ್ ವರ್ಮ ಇದ್ದರು. ಹೊಗೆ ಆರುವ ಮೊದಲೇ ಸಿನಿಮಾದವರನ್ನು ಕರೆದೊಯ್ದರೆಂದು ಜನ ಸಿಟ್ಟಾದರು. ಕೆಲವೇ ದಿನಗಳಲ್ಲಿ ದೇಶಮುಖ್ ಅಧಿಕಾರ ಬಿಡಬೇಕಾಯಿತು. 2013ರಲ್ಲಿ ವರ್ಮ ಅದೇ ದಾಳಿಯ ಮೇಲೆ ಚಿತ್ರ ಮಾಡಿದರು.

ಇದಕ್ಕೆ ಎದುರಾಗಿ ಅನುರಾಗ್ ಕಶ್ಯಪ್ ಅವರ ‘ಬ್ಲ್ಯಾಕ್ ಫ್ರೈಡೇ’ ಇದೆ. ಹುಸೇನ್ ಝೈದಿ ಅವರ ಪುಸ್ತಕವನ್ನು ಆಧರಿಸಿ 1993ರ ಸ್ಫೋಟಗಳ ತನಿಖೆಯನ್ನು ತೋರಿಸಿದ ಚಿತ್ರ. ಮೊಕದ್ದಮೆಯ ತೀರ್ಪು ಬರುವವರೆಗೆ ಬಿಡುಗಡೆ ಮಾಡಬಾರದೆಂದು 2005ರಲ್ಲಿ ಬಾಂಬೆ ಹೈಕೋರ್ಟ್ ತಡೆ ನೀಡಿತು. ಚಿತ್ರ ತೆರೆಗೆ ಬಂದದ್ದು 2007ರ ಫೆಬ್ರವರಿಯಲ್ಲಿ. ತಯಾರಿಸಿದವರಿಗೆ ನಷ್ಟವಾಗಿರಬಹುದು. ಆದರೆ ಆ ತಡೆಯ ಹಿಂದೆ ಒಂದು ತತ್ವವಿತ್ತು: ನ್ಯಾಯಾಧೀಶರು ಹೇಳುವ ಮೊದಲು ಪರದೆ ತೀರ್ಪು ಹೇಳಬಾರದು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2008 ಒಂದೇ ವರ್ಷದಲ್ಲಿ, ನವೆಂಬರ್ ದಾಳಿಗೆ ಮೊದಲೇ, ಇದೇ ವಿಷಯದ ಮೂರು ಚಿತ್ರಗಳು ಬಂದವು. ರಾಜ್‌ಕುಮಾರ್ ಗುಪ್ತ ಅವರ ‘ಆಮಿರ್’ನಲ್ಲಿ ಲಂಡನ್ನಿನಿಂದ ಬಂದ ಮುಸ್ಲಿಂ ವೈದ್ಯನೊಬ್ಬನನ್ನು ದುಷ್ಟರು ಫೋನಿನಲ್ಲೇ ಹೆದರಿಸಿ ಬಾಂಬು ಇಡಲು ಕಳಿಸುತ್ತಾರೆ. ಕೊನೆಗೆ ಅವನು ಬಸ್ಸಿನ ಜನರನ್ನು ಉಳಿಸಿ ತಾನು ಸಾಯುತ್ತಾನೆ. ಟಿ.ವಿ. ಸುದ್ದಿ ಅವನನ್ನೇ ಭಯೋತ್ಪಾದಕ ಎನ್ನುತ್ತದೆ. ಆ ಕೊನೆ ಮನ ಕಲಕುತ್ತದೆ. ಆದರೆ ಚಿತ್ರದಲ್ಲಿ ಅವನು ಹಾದುಹೋಗುವ ಮುಸ್ಲಿಂ ಮೊಹಲ್ಲಾದ ಪ್ರತಿ ಮುಖವೂ ಸಂಚುಗಾರನ ಮುಖದಂತೆ ಕಾಣುತ್ತದೆ. ಗಲ್ಲಿಗಳು ನಿಜವಾದವೇ, ಗೋಡೆಗಳು ನಿಜವಾದವೇ. ಮಕ್ಕಳೇ, ನಿಜವಾದ ಬೀದಿಯಲ್ಲಿ ಕ್ಯಾಮರಾ ಇಟ್ಟ ಮಾತ್ರಕ್ಕೆ ವಾಸ್ತವ ಸಿಗುವುದಿಲ್ಲ. ಆ ಬೀದಿಯಲ್ಲಿ ಶಾಲೆಗೆ ಹೋಗುವ ಹುಡುಗಿ, ಬ್ರೆಡ್ ಮಾರುವ ಮುದುಕ, ಬಾಡಿಗೆ ಕಟ್ಟಲಾಗದ ತಂದೆ ಕಾಣದಿದ್ದರೆ ಅದು ಅರ್ಧ ಚಿತ್ರ.

ಆ ಉಳಿದರ್ಧ ನನಗೆ ಸಿಕ್ಕಿದ್ದು ನಿಶಿಕಾಂತ್ ಕಾಮತ್ ಅವರ ‘ಮುಂಬೈ ಮೇರಿ ಜಾನ್’ ಚಿತ್ರದಲ್ಲಿ. ಅದು 2006ರ ರೈಲು ಸ್ಫೋಟದ ನಂತರದ ದಿನಗಳ ಕಥೆ. ಬಾಂಬು ಇಟ್ಟವರು ಅಲ್ಲಿ ಮುಖ್ಯರಲ್ಲ, ಬದುಕಿ ಉಳಿದವರು ಮುಖ್ಯ. ಮಾಧವನ್ ಮಾಡಿದ ಪಾತ್ರ ರೈಲು ಹತ್ತಲು ಹೆದರುತ್ತದೆ. ಸೋಹಾ ಅಲಿ ಖಾನ್ ಟಿ.ವಿ. ವರದಿಗಾರ್ತಿ. ಅವಳು ಮದುವೆಯಾಗಬೇಕಿದ್ದ ಹುಡುಗ ಸತ್ತಾಗ, ಅವಳ ಚಾನೆಲ್ಲೇ ಅವಳ ಕಣ್ಣೀರನ್ನು ಕಾರ್ಯಕ್ರಮ ಮಾಡುತ್ತದೆ. ಇರ್ಫಾನ್ ಖಾನ್ ಬೀದಿಯಲ್ಲಿ ಮಾರಿಕೊಂಡು ಬದುಕುವ ಬಡವ. ದೊಡ್ಡ ಮಾಲ್‌ನಲ್ಲಿ ಅವಮಾನವಾದ ಮೇಲೆ ಅವನು ಹುಸಿ ಬಾಂಬ್ ಕರೆಗಳನ್ನು ಮಾಡುತ್ತಾನೆ, ಆಮೇಲೆ ಪಶ್ಚಾತ್ತಾಪಪಡುತ್ತಾನೆ. ಕೇ ಕೇ ಮೆನನ್ ಮಾಡಿದ ಪಾತ್ರಕ್ಕೆ ಕಂಡ ಮುಸ್ಲಿಮರ ಮೇಲೆಲ್ಲ ಸಂಶಯ. ನಿವೃತ್ತಿಯ ಅಂಚಿನಲ್ಲಿರುವ ಕಾನ್‌ಸ್ಟೇಬಲ್ ಆಗಿ ಪರೇಶ್ ರಾವಲ್ ಇದ್ದಾರೆ. ಅಲ್ಲಿ ಯಾರೂ ವೀರರಲ್ಲ. ಹೆದರಿಕೆ, ಸಂಶಯ, ಅವಮಾನ ಒಂದೊಂದೇ ಕರಗಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಚೇತರಿಕೆ ಎಂದರೆ ಇದೇ.

ಮೂರನೆಯದು ನೀರಜ್ ಪಾಂಡೆ ಅವರ ‘ಎ ವೆಡ್ನೆಸ್‌ಡೇ’. ನಮ್ಮ ಹುಡುಗ ನೋಡಿದ್ದು. ನಸೀರುದ್ದೀನ್ ಷಾ ಮಾಡಿದ ಸಾಮಾನ್ಯ ಮನುಷ್ಯ ಪೊಲೀಸ್ ಕಮಿಷನರ್‌ಗೆ ಫೋನ್ ಮಾಡಿ, ನಗರದಲ್ಲಿ ಬಾಂಬು ಇಟ್ಟಿದ್ದೇನೆ, ನಾಲ್ವರು ಭಯೋತ್ಪಾದಕರನ್ನು ಬಿಡಿ ಎನ್ನುತ್ತಾನೆ. ಬಿಡಿಸಿಕೊಂಡ ಮೇಲೆ ಅವರನ್ನು ಕೊಲ್ಲುತ್ತಾನೆ, ಕೊನೆಯವನನ್ನು ಪೊಲೀಸರ ಕೈಯಿಂದಲೇ ಕೊಲ್ಲಿಸುತ್ತಾನೆ. ಚಿತ್ರದ ಎರಡು ಗುಣಗಳನ್ನು ಒಪ್ಪಿಕೊಳ್ಳುತ್ತೇನೆ. ಮರುದಿನ ಕೆಲಸಕ್ಕೆ ಹೋಗುವುದು ಮನೆ ನಡೆಸಬೇಕಾದ್ದರಿಂದ ಎಂದು ಅದು ನೇರವಾಗಿ ಹೇಳುತ್ತದೆ. ಮತ್ತೊಂದು, ಆ ಮನುಷ್ಯನ ಹೆಸರನ್ನು ಕೊನೆಯವರೆಗೂ ಹೇಳುವುದಿಲ್ಲ. ಹೆಸರು ಕೇಳಿದರೆ ಜನ ಧರ್ಮ ಹುಡುಕುತ್ತಾರೆ.

ಆದರೆ ಒಂದು ಕಡೆ ಚಿತ್ರ ನಮಗೆ ಮೋಸ ಮಾಡುತ್ತದೆ. ಆ ನಾಲ್ವರು ತಪ್ಪಿತಸ್ಥರೇ ಎಂದು ಕಥೆಗಾರರೇ ನಿರ್ಧರಿಸಿ ನಮ್ಮ ಕೈಗೆ ಕೊಟ್ಟಿದ್ದಾರೆ. ಚಿತ್ರಮಂದಿರದಲ್ಲಿ ನಮಗೆ ಸಂಶಯವೇ ಬರುವುದಿಲ್ಲ. ನಿಜ ಜೀವನದಲ್ಲಿ ಹಾಗೆ ಯಾರೂ ಕೊಡುವುದಿಲ್ಲ.

ನಿಜ ಜೀವನದಲ್ಲಿ ಏನಾಯಿತು ನೋಡಿ. 2006ರ ರೈಲು ಸ್ಫೋಟಗಳ ಮೊಕದ್ದಮೆಯಲ್ಲಿ ವಿಶೇಷ ನ್ಯಾಯಾಲಯ 2015ರಲ್ಲಿ 12 ಮಂದಿಗೆ ಶಿಕ್ಷೆ ವಿಧಿಸಿತು. ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ. ಹದಿಮೂರನೆಯವರು ಮುಂಬೈಯ ಶಾಲಾ ಶಿಕ್ಷಕ ಅಬ್ದುಲ್ ವಾಹಿದ್ ಶೇಖ್. ಒಂಬತ್ತು ವರ್ಷ ಜೈಲಿನಲ್ಲಿದ್ದು ನಿರಪರಾಧಿಯೆಂದು ಹೊರಬಂದರು. ಒಳಗಿದ್ದಾಗಲೇ ಕಾನೂನು ಓದಿದರು. ಅವರ ಬದುಕಿನ ಮೇಲೆ 2022ರಲ್ಲಿ ‘ಹೀಮೋಲಿಂಫ್’ ಎಂಬ ಚಿತ್ರವೂ ಬಂತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಉಳಿದ 12 ಮಂದಿಯನ್ನೂ ಖುಲಾಸೆ ಮಾಡಿತು. ಆರೋಪ ಸಾಬೀತುಪಡಿಸಲು ಸರ್ಕಾರದ ಪಕ್ಷ ಸಂಪೂರ್ಣ ವಿಫಲವಾಗಿದೆ ಎಂಬುದು ಅದರ ತೀರ್ಮಾನ. ಅಷ್ಟರಲ್ಲಿ ಅವರಲ್ಲೊಬ್ಬರು 2021ರಲ್ಲೇ ಜೈಲಿನಲ್ಲಿ ತೀರಿಕೊಂಡಿದ್ದರು. ರಾಜ್ಯ ಸರ್ಕಾರ ಮೇಲ್ಮನವಿ ಸಲ್ಲಿಸಿತು. ಆ ತೀರ್ಪನ್ನು ಬೇರೆ ಮೊಕದ್ದಮೆಗಳಿಗೆ ಆಧಾರ ಮಾಡಬಾರದೆಂದು ಸುಪ್ರೀಂ ಕೋರ್ಟ್ ಹೇಳಿತು, ಬಿಡುಗಡೆಯಾದವರನ್ನು ಮತ್ತೆ ಒಳಗೆ ಕಳಿಸಲಿಲ್ಲ.

2015ರ ಶಿಕ್ಷೆಯ ಮರುದಿನ ಯಾರೋ ಒಬ್ಬ ‘ಸಾಮಾನ್ಯ ಮನುಷ್ಯ’ ಫೋನ್ ಹಿಡಿದು ಹೊರಟಿದ್ದರೆ? ಜನ ಚಪ್ಪಾಳೆ ತಟ್ಟುತ್ತಿದ್ದರೇನೋ. ಹತ್ತು ವರ್ಷದ ನಂತರ ಬಂದ ತೀರ್ಪನ್ನು ಯಾರ ಗೋರಿಯ ಮುಂದೆ ಓದುತ್ತಿದ್ದೆವು?

ಇದನ್ನು ಹೇಳಿ ನಾವು ಸಂತೋಷಪಡುವ ಹಾಗೂ ಇಲ್ಲ. ಹತ್ತೊಂಬತ್ತು ವರ್ಷವಾದರೂ ತನ್ನ ಮಗನನ್ನು ಕೊಂದವರು ಯಾರು ಎಂದು ಆ ರೈಲಿನಲ್ಲಿ ಸತ್ತವನ ತಾಯಿಗೆ ಉತ್ತರ ಸಿಗಲಿಲ್ಲ. ತಪ್ಪು ಜನರನ್ನು ಹಿಡಿದರೆ ಎರಡು ಅನ್ಯಾಯಗಳಾಗುತ್ತವೆ: ಹಿಡಿಸಿಕೊಂಡವರಿಗೆ ಒಂದು, ಸತ್ತವರಿಗೆ ಇನ್ನೊಂದು. ಆ ತಾಯಿಯ ನೋವು ನಮ್ಮದಲ್ಲ ಎಂದು ನಾವು ತಿಳಿದರೆ ನಮ್ಮ ನೋವನ್ನು ಅವರು ತಿಳಿಯಬೇಕೆಂದು ಕೇಳುವ ಹಕ್ಕು ನಮಗಿಲ್ಲ.

ಹಾಗಾದರೆ ನಿಜವಾದ ಧೈರ್ಯ ಎಲ್ಲಿದೆ? 2008ರ ನವೆಂಬರ್ 26ರ ರಾತ್ರಿ ಸಿ.ಎಸ್.ಟಿ. ನಿಲ್ದಾಣದ ಪ್ರಕಟಣೆಯ ಕೊಠಡಿಯಲ್ಲಿದ್ದ ನೌಕರ ಓಡಿಹೋಗಲಿಲ್ಲ. ಯಾವ ಕಡೆಯಿಂದ ಹೊರಗೆ ಹೋಗಬೇಕೆಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ಕಾಮಾ ಆಸ್ಪತ್ರೆಯ ದಾದಿಯರು ದೀಪ ಆರಿಸಿ, ಬಾಗಿಲು ಭದ್ರಪಡಿಸಿ ಗರ್ಭಿಣಿಯರನ್ನು ಕಾಪಾಡಿದರು. ಪೊಲೀಸ್ ಅಧಿಕಾರಿ ತುಕಾರಾಮ್ ಓಂಬ್ಳೆ ಬರಿಗೈಯಲ್ಲಿ ಬಂದೂಕಿನ ನಳಿಕೆ ಹಿಡಿದು ಪ್ರಾಣ ಬಿಟ್ಟರು. ಆಮೇಲೆ ಮುಂಬೈಯ ಮುಸ್ಲಿಂ ಸಂಸ್ಥೆಗಳು, ಸತ್ತ ಒಂಬತ್ತು ದಾಳಿಕೋರರಿಗೆ ನಮ್ಮ ಖಬರಸ್ತಾನದಲ್ಲಿ ಜಾಗವಿಲ್ಲ ಎಂದು ಹೇಳಿದವು. ಇದೆಲ್ಲವೂ ಸಬ್ರ್. ಓಡಿಹೋಗುವ, ಸುಮ್ಮನಿರುವ ದಾರಿ ಅವರಿಗೂ ಇತ್ತು. ಅವರು ಹಿಡಿಯಲಿಲ್ಲ.

ಇದೇ ಸಾಲಿಗೆ ವಕೀಲ ಶಾಹಿದ್ ಆಝ್ಮಿ ಸೇರುತ್ತಾರೆ. 26/11 ಮೊಕದ್ದಮೆಯಲ್ಲಿ ಫಹೀಮ್ ಅನ್ಸಾರಿ ಎಂಬ ಆರೋಪಿಯ ಪರ ವಾದಿಸುತ್ತಿದ್ದಾಗಲೇ 2010ರ ಫೆಬ್ರವರಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದೇ ವರ್ಷ ಮೇ ತಿಂಗಳಲ್ಲಿ ಅನ್ಸಾರಿಯ ಖುಲಾಸೆಯಾಯಿತು, 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹನ್ಸಲ್ ಮೆಹ್ತಾ ಅವರ ‘ಶಾಹಿದ್’ ಚಿತ್ರದಲ್ಲಿ ನ್ಯಾಯಾಲಯ ಎಂದರೆ ಅರಮನೆಯಂಥ ಸಭಾಂಗಣವಲ್ಲ. ಇಕ್ಕಟ್ಟಾದ ಕೋಣೆ, ಕಡತದ ರಾಶಿ, ಮುಂದೂಡಿದ ದಿನಾಂಕ. ನಟ ರಾಜ್‌ಕುಮಾರ್ ರಾವ್ ಮತ್ತು ನಿರ್ದೇಶಕರಿಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಆ ಹುಡುಗನಿಗೆ ನಾನು ನೋಡಲು ಹೇಳಿದ ಚಿತ್ರ ಇದು.

ಪ್ರಿಯ ವಿದ್ಯಾರ್ಥಿಗಳೇ, ಸಿನಿಮಾ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಯಾರಿಗೆ ಹೆಸರು, ಮನೆ, ತಾಯಿ ಇದ್ದಾರೆ, ಯಾರಿಗೆ ಬರೀ ಟೋಪಿ ಗಡ್ಡ ಇದೆ? ತಪ್ಪಿತಸ್ಥ ಎಂದು ಹೇಳಿದವರು ಯಾರು, ಸಾಕ್ಷಿಯೋ ಹಿನ್ನೆಲೆ ಸಂಗೀತವೋ? ಮರುದಿನ ಏನಾಯಿತು ಎಂಬುದನ್ನು ಚಿತ್ರ ತೋರಿಸಿತೋ ಇಲ್ಲವೋ?

ಆ ಹುಡುಗನಿಗೆ ನನ್ನ ಉತ್ತರ ಇಷ್ಟೇ: ಮಗೂ, ಕೋರ್ಟು ಹತ್ತಿಪ್ಪತ್ತು ವರ್ಷ ಎಳೆಯುವುದು ತಪ್ಪು, ನೀನು ಹೇಳಿದ್ದು ನಿಜ. ಅದಕ್ಕೆ ಮದ್ದು ಕೋರ್ಟನ್ನು ದಾಟಿಹೋಗುವುದಲ್ಲ. ಬೇಗ ಮತ್ತು ಸರಿಯಾಗಿ ಕೆಲಸ ಮಾಡುವ ವಕೀಲ, ಪೊಲೀಸ್, ನ್ಯಾಯಾಧೀಶ, ವರದಿಗಾರ ಬೇಕು. ಆ ಕುರ್ಚಿಗಳಲ್ಲಿ ನಾಳೆ ನೀನೂ ಕೂರಬೇಕು. ಈ ಸಂಘ ಪುಸ್ತಕ, ವಿದ್ಯಾರ್ಥಿವೇತನ ಕೊಟ್ಟು ನಿನ್ನನ್ನು ಓದಿಸುತ್ತಿರುವುದು ಅದಕ್ಕೇ.

ಮಜಬೂರಿಯನ್ನು ಕಡಿಮೆ ಮಾಡುವ, ಸಬ್ರ್ ಕಲಿಸುವ ವಿದ್ಯೆಯನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ದಯಪಾಲಿಸಲಿ. ಆಮೀನ್.